ಕರ್ನಲ್ ಪ್ರುಯಿಟ್ ಮತ್ತು ಅಧ್ಯಕ್ಷರ ಆರು ತಟ್ಟೆಗಳು

ಕರ್ನಲ್ ಎಲ್ಬರ್ಟ್ ಪ್ರುಯಿಟ್ ಬಟ್ಟಬಯಲಿನಲ್ಲೂ ಅಡ್ಡಡ್ಡವಾಗಿಯೇ ನಡೆಯುತ್ತಿದ್ದರು. ಎಡಭುಜ ಮುಂದೆ, ಹೊಟ್ಟೆ ಒಳಕ್ಕೆ, ಎರಡೂ ಮೊಣಕೈ ಪಕ್ಕೆಗೆ ಒತ್ತಿಕೊಂಡು, ಒಂದೊಂದು ಹೆಜ್ಜೆಯನ್ನೂ ಅಳೆದಿಡುತ್ತ ಅವರು ಕಟಾವಾದ ಮೆಕ್ಕೆಜೋಳದ ಹೊಲವನ್ನು ದಾಟಿ ಬರುವುದನ್ನು ಕಂಡ ಹೊಸಬರು, ಪಾಪ, ಈ ಮನುಷ್ಯನಿಗೆ ಸೊಂಟ ಹಿಡಿದಿದೆ ಎಂದುಕೊಳ್ಳುತ್ತಿದ್ದರು. ಸೊಂಟ ನೆಟ್ಟಗೇ ಇತ್ತು. ಪಿಂಗಾಣಿ, ಗಾಜು, ದೀಪದ ಬುರುಡೆಗಳನ್ನು ಒತ್ತೊತ್ತಾಗಿ ಜೋಡಿಸಿದ ಮೇಜುಗಳ ನಡುವಿನ ಒಂದೂವರೆ ಅಡಿ ಸಂದಿಯಲ್ಲಿ ನಲವತ್ತು ವರ್ಷ ಸಂಚರಿಸಿದ ಆ ದೇಹಕ್ಕೆ, ಪ್ರಪಂಚವು ಅದಕ್ಕಿಂತ ವಿಶಾಲವಾಗಿರಬಹುದು ಎಂಬ ನಂಬಿಕೆಯೇ ಹೊರಟುಹೋಗಿತ್ತು.

ಅವರ ಸಾಸಿವೆ ಬಣ್ಣದ ಕೋಟಿನ ಅಂಚಿನೊಳಗೆ ಮೀನುಗಾಳಕ್ಕೆ ಕಟ್ಟುವ ಸೀಸದ ಗುಂಡುಗಳಿದ್ದವು. ತಿರುಗುವಾಗ ಕೋಟಿನ ಸೆರಗು ಹಾರಿ ಯಾವುದೋ ಹೂದಾನಿಯ ಪ್ರಾಣ ತೆಗೆಯಬಾರದೆಂದು ಅವರು ಹೊಲಿಸಿಕೊಂಡವು ಅವು, ಹೊಲಿದುಕೊಟ್ಟವಳು ನಾನು. ಒಂದು ಕಡೆ ಏಳು, ಇನ್ನೊಂದು ಕಡೆ ಆರು. ಒಂದು ಗುಂಡು ಸಿಗಲಿಲ್ಲ. ಅಂದಿನಿಂದ ಅವರು ಕೊಂಚ ಬಲಕ್ಕೆ ವಾಲಿಯೂ ನಡೆಯತೊಡಗಿದರು.

ಕರ್ನಲ್ ಎಂದೊಡನೆ ಯುದ್ಧ ಕಂಡವರೆಂದು ಭಾವಿಸಬೇಡಿ. ನಮ್ಮ ಇಂಡಿಯಾನಾ ಕಡೆ ಹರಾಜು ಕೂಗುವವರೆಲ್ಲ ಕರ್ನಲ್‌ಗಳೇ. ಮೊದಲ ಹಸುವನ್ನು ಮಾರಿದ ದಿನವೇ ಜನ ಆ ಪದವಿಯನ್ನು ಕೊಟ್ಟುಬಿಡುತ್ತಾರೆ, ಸಾಯುವವರೆಗೂ ಹಿಂದಕ್ಕೆ ಕೇಳುವುದಿಲ್ಲ. ಲಿಂಡೆನ್ ಕ್ರೀಕ್ ಊರಿನ ಹಳೆಯ ಸ್ಕೇಟಿಂಗ್ ಹಾಲ್ ಅವರ ಹರಾಜು ಮನೆ. ಪ್ರತಿ ಶನಿವಾರ ಅದರ ಹಿಂಬದಿಯ ಕಿಟಕಿಯಲ್ಲಿ ಮೂವತ್ತೊಂದು ವರ್ಷ ನಾನು ಪೈ ಎಂಬ ಒಲೆಯಲ್ಲಿ ಬೇಯಿಸಿದ ಸಿಹಿತಿಂಡಿ ಮತ್ತು ಕಾಫಿ ಮಾರಿದೆ. ಪೀಠದ ಮೇಲೆ ನಿಂತ ಕರ್ನಲ್‌ರ ಬಾಯಿಂದ ಮಾತು ಕಾದ ಬಾಣಲೆಯ ಜೋಳದಂತೆ ಚಟಪಟನೆ ಸಿಡಿಯುತ್ತಿತ್ತು. ಕೆಳಗಿಳಿದರೆ ಮುಗಿಯಿತು, ಒಂದು ವಾಕ್ಯ ಆರಂಭವಾಗಿ ಅಂತ್ಯ ಕಾಣುವಷ್ಟರಲ್ಲಿ ಎದುರಿನವರ ಕಾಫಿ ಆರಿಹೋಗುತ್ತಿತ್ತು.

ಇಷ್ಟೇ ಆಗಿದ್ದರೆ ಅವರು ಒಬ್ಬ ವಿಚಿತ್ರ ಮನುಷ್ಯ ಮಾತ್ರ ಆಗುತ್ತಿದ್ದರು. ಅವರನ್ನು ಕರ್ನಲ್ ಪ್ರುಯಿಟ್ ಮಾಡಿದ್ದು ಒಂದು ಹಟ. ಯಾವ ವಸ್ತುವನ್ನು ಕೈಗೆತ್ತಿಕೊಂಡರೂ ಮೊದಲು ಅದರ ಕುಂದು ಹೇಳಬೇಕು, ಆಮೇಲೆ ಅಂದ. ಕಣ್ಣು ಮುಚ್ಚಿ, ಹೆಬ್ಬೆರಳಿನ ಉಗುರನ್ನು ತಟ್ಟೆಯ ಅಂಚಿನ ಸುತ್ತ ಮೆಲ್ಲನೆ ಒಂದು ಪ್ರದಕ್ಷಿಣೆ ಹಾಕಿಸುವರು. ಎಲ್ಲೋ ಒಂದೆಡೆ ಉಗುರು ತಡೆದರೆ ಹಾಲ್‌ನ ಮುನ್ನೂರು ಜನಕ್ಕೂ ಕೇಳುವಂತೆ "ಇಲ್ಲೊಂದು ಕಚ್ಚು ಇದೆ, ಅಕ್ಕಿ ಕಾಳಿನಷ್ಟು" ಎಂದು ಸಾರುವರು. ಸ್ವಂತ ಭಾವಮೈದುನನ ಗಡಿಯಾರ ಹರಾಜಿಗೆ ಬಂದಾಗ, "ಇದು ನಡೆಯುತ್ತೆ. ಆದ್ರೆ ಮನೆಗೆ ನೆಂಟರು ಬಂದಾಗ ಮಾತ್ರ" ಎಂದರು. ಭಾವಮೈದುನ ಎರಡು ವರ್ಷ ಮಾತು ಬಿಟ್ಟ. ಗಡಿಯಾರ ಮಾತ್ರ ಅಂದುಕೊಂಡದ್ದಕ್ಕಿಂತ ಹೆಚ್ಚಿಗೇ ಹೋಯಿತು. ನನ್ನ ಸಕ್ಕರೆ ಕೆನೆಯ ಪೈಗಳನ್ನು ಕೂಡ ಅವರು ಪೀಠದಿಂದಲೇ ಪ್ರಚಾರ ಮಾಡುತ್ತಿದ್ದರು: "ಇವತ್ತು ಆರ್ಡಿತ್‌ಳ ಪೈ ತಳ ಸ್ವಲ್ಪ ಮೆತ್ತಗಾಗಿದೆ. ಮೇಲಿಂದ ತಿನ್ನಿ." ಹತ್ತು ನಿಮಿಷದಲ್ಲಿ ಕಿಟಕಿ ಖಾಲಿ. ಅವರ ಮದುವೆಯ ದಿನ ಪಾದ್ರಿಗಳು ರೂಢಿಯಂತೆ, ಈ ಸಂಬಂಧಕ್ಕೆ ಯಾರದಾದರೂ ಆಕ್ಷೇಪವಿದೆಯೇ ಎಂದು ಕೇಳಿದಾಗ, ವರನೇ ಕೈಯೆತ್ತಿ, "ಗೊರಕೆ ಹೊಡೀತೀನಿ, ಎಡಗಿವಿ ಮಂದ, ಸಾಲ್ಮನ್ ಮೀನು ಕಂಡ್ರೆ ಆಗಲ್ಲ" ಎಂದು ನಿವೇದಿಸಿಕೊಂಡದ್ದನ್ನು ಅವರ ಹೆಂಡತಿ ಮ್ಯಾಕ್ಸೀನ್ ಬಹಳ ವರ್ಷ ನಗುತ್ತಲೇ ಹೇಳುತ್ತಿದ್ದರು. "ಅಷ್ಟೊತ್ತಿಗೆ ನಾನು ಹೂ ಹಿಡ್ಕೊಂಡು ನಿಂತಾಗಿತ್ತು ನೋಡು. ಇಳಿಯೋಕೆ ಆಗ್ತಿರ್ಲಿಲ್ಲ."

ಇಂಥ ಮನುಷ್ಯನ ಕೈಗೆ ಒಂದು ಅಕ್ಟೋಬರ್‌ನಲ್ಲಿ ನೂರಿಪ್ಪತ್ತು ವರ್ಷದ ಹಿಂದೆ ನಮ್ಮ ಇಂಡಿಯಾನಾದಿಂದಲೇ ಹೋಗಿ ಅಮೆರಿಕದ ಅಧ್ಯಕ್ಷರಾಗಿದ್ದ ಹ್ಯಾರಿಸನ್‌ರ ಆರು ತಟ್ಟೆಗಳು ಬಂದವು.

ತಂದವರು ವರ್ನಾ ಹೋಗ್ಲಂಡ್. ಎಪ್ಪತ್ತೆಂಟು ವಯಸ್ಸು, ಗಂಡ ಹೋಗಿ ಆರು ವರ್ಷ. ಚರ್ಚಿನ ಭಾನುವಾರದ ಪಾಠದಲ್ಲಿ ಚಿಕ್ಕ ಎಲ್ಬರ್ಟ್‌ನ ಕಿವಿ ಹಿಂಡಿದ್ದವರು. ಆದ್ದರಿಂದ ಲಿಂಡೆನ್ ಕ್ರೀಕಿನಲ್ಲಿ ಕರ್ನಲ್‌ರನ್ನು ಏಕವಚನದಲ್ಲಿ ಕರೆಯುವ ಕೆಲವೇ ಜನರಲ್ಲಿ ಒಬ್ಬರು. ತಟ್ಟೆಗಳನ್ನು ಮಾರುವುದಕ್ಕೆ ಕಾರಣ ಅವರ ಅಕ್ಕ ಓಪಲ್. ಓಪಲ್ ಪಕ್ಕದ ಊರಿನ ಹಿರಿಯರ ನಿವಾಸದಲ್ಲಿದ್ದರು, ನೆನಪು ಒಂದೊಂದಾಗಿ ಕಳಚುತ್ತಿತ್ತು, ಆದರೂ ದಿನಾ ಮಧ್ಯಾಹ್ನ ಬಾಗಿಲ ಕಡೆ ತಿರುಗಿ "ವರ್ನಾ ಎಲ್ಲಿ?" ಎಂದು ಕೇಳುವುದು ಮಾತ್ರ ಉಳಿದಿತ್ತು. ಅವರ ಪಕ್ಕದ ಕೋಣೆ ಖಾಲಿಯಾಗಿತ್ತು. ತಿಂಗಳ ಕೊನೆಯೊಳಗೆ ಒಂಬತ್ತು ಸಾವಿರ ಡಾಲರ್ ಕಟ್ಟಿದರೆ ಕೋಣೆ ವರ್ನಾರದು, ಇಲ್ಲದಿದ್ದರೆ ಸಾಲಿನಲ್ಲಿ ನಿಂತಿರುವ ಇನ್ನೊಬ್ಬರದು. ವರ್ನಾರ ಮನೆಯಲ್ಲಿ ಅಷ್ಟು ಬಾಳುವ ವಸ್ತುವೆಂದರೆ ಆ ತಟ್ಟೆಗಳೇ.

ಅವು ನಿಜಕ್ಕೂ ಚೆಲುವಾದ ತಟ್ಟೆಗಳು. ಸುತ್ತ ಗಾಢ ನೀಲಿಯ ಪಟ್ಟಿ, ಅದರೊಳಗೆ ಬಂಗಾರದ ರೇಖೆಯಲ್ಲಿ ಮೆಕ್ಕೆಜೋಳದ ದಂಟುಗಳು, ನಡುವೆ ರೆಕ್ಕೆ ಚಾಚಿದ ಹದ್ದು. ಅಧ್ಯಕ್ಷರ ಪತ್ನಿ ತಾವೇ ಕುಳಿತು ಬರೆದ ಚಿತ್ರವಂತೆ. ಭೋಜನದ ತಟ್ಟೆಯ ಮೇಲೆ ಜೋಳ ಬರೆಯಬೇಕೆಂದು ನಮ್ಮ ಕಡೆಯ ಹೆಂಗಸಿಗಲ್ಲದೆ ಇನ್ನಾರಿಗೆ ಹೊಳೆದೀತು?

ಆದರೆ ತೊಡಕೊಂದಿತ್ತು. ಆ ತಟ್ಟೆಗಳು ಕರ್ನಲ್‌ರ ತಾಯಿ ಐಡೆಲ್ಲಾ ಪ್ರುಯಿಟ್‌ರವು. ಇದು ಕರ್ನಲ್‌ರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಅಂಚೆಯವನಿಗೆ ಗೊತ್ತಿತ್ತು, ಊರಿಗೇ ಗೊತ್ತಿತ್ತು. ಗೊತ್ತಿಲ್ಲದವರು ವರ್ನಾ ಒಬ್ಬರೇ.

ಆದದ್ದು ಹೀಗೆ. ಸಾವಿರದ ಒಂಬೈನೂರ ಐವತ್ತೆಂಟರ ಜೂನ್‌ನಲ್ಲಿ ವರ್ನಾರ ಮದುವೆ. ಚರ್ಚಿನ ನೆಲಮಾಳಿಗೆಯಲ್ಲಿ ಉಪಚಾರ. ನಮ್ಮ ರೂಢಿಯಂತೆ ಊರ ಹೆಂಗಸರೆಲ್ಲ ತಮ್ಮ ತಮ್ಮ ತಟ್ಟೆಗಳಲ್ಲಿ ಏನಾದರೂ ಮಾಡಿ ತಂದಿದ್ದರು. ಐಡೆಲ್ಲಾರ ಅಜ್ಜಿ ವಾಷಿಂಗ್ಟನ್‌ನಲ್ಲಿ ಅಧ್ಯಕ್ಷರ ಮನೆಯ ಹೊಲಿಗೆ ಕೆಲಸಕ್ಕಿದ್ದವರು. ಕೆಲಸ ಬಿಡುವಾಗ ಸಣ್ಣಪುಟ್ಟ ಕುಂದಿದ್ದ ಆರು ತಟ್ಟೆಗಳನ್ನು ಕೊಟ್ಟು ಕಳಿಸಿದ್ದರಂತೆ. ನಾಲ್ಕು ಜನ ನೋಡಲಿ ಎಂದು ಐಡೆಲ್ಲಾ ಅಂದು ಆ ಆರರಲ್ಲೂ ಪೆಪ್ಪರಮಿಂಟು ಹರಡಿಕೊಂಡು ಬಂದರು. ತಿಂಡಿಯ ಮೇಜು ತುಂಬಿತ್ತು. ಪಕ್ಕದ ಮೇಜಿನ ಮೇಲೆ ಜಾಗವಿತ್ತು, ಇಟ್ಟರು. ಅದು ಉಡುಗೊರೆಯ ಮೇಜು.

ಪಟ್ಟಿ ಬರೆಯುತ್ತಿದ್ದ ವರ್ನಾರ ಚಿಕ್ಕಮ್ಮ 'ಶ್ರೀಮತಿ ಪ್ರುಯಿಟ್: ಆರು ತಟ್ಟೆ' ಎಂದು ಬರೆದುಕೊಂಡಳು. ವರ್ನಾ ಒಳ್ಳೆಯ ಮನೆತನದ ಹುಡುಗಿ. ವಾರದೊಳಗೆ ಐಡೆಲ್ಲಾರಿಗೆ ಕೃತಜ್ಞತೆಯ ಕಾಗದ ತಲುಪಿತು. ಅಂಥ ಕಾಗದ ಕೈಸೇರಿದ ಮೇಲೆ 'ತಟ್ಟೆ ವಾಪಸ್ಸು ಕೊಡಮ್ಮಾ' ಎಂದು ಕೇಳುವ ಹೆಂಗಸು ನಮ್ಮ ಜಿಲ್ಲೆಯಲ್ಲಿ ಈವರೆಗೆ ಹುಟ್ಟಿಲ್ಲ. ಐಡೆಲ್ಲಾ ಸಭ್ಯವಾಗಿ ಉತ್ತರ ಬರೆದರು, ಆ ಕಾಗದವನ್ನು ಮೇಜಿನ ಸೆಳೆಖಾನೆಯಲ್ಲಿ ಇಟ್ಟುಕೊಂಡರು, ಮುಂದಿನ ನಲವತ್ತು ವರ್ಷ, ತಾವು ಕಣ್ಣು ಮುಚ್ಚುವವರೆಗೆ, ವರ್ನಾ ಒಬ್ಬರನ್ನು ಬಿಟ್ಟು ಊರಿನ ಪ್ರತಿಯೊಬ್ಬರಿಗೂ ದೂರಿಕೊಂಡರು. ವರ್ನಾ ಚರ್ಚಿನ ಊಟಗಳಿಗೆ ಬೇಯಿಸಿ ಸೀಳಿ ಸಾಸಿವೆ ತುಂಬಿದ ಮೊಟ್ಟೆಗಳನ್ನು ಅದೇ ತಟ್ಟೆಯಲ್ಲಿ ತರುತ್ತಿದ್ದರು. ಐಡೆಲ್ಲಾ ಅದರ ಎದುರು ಕುಳಿತು, ಹದ್ದಿನ ಮುಖ ಕಾಣುವವರೆಗೆ ಒಂದಾದ ಮೇಲೊಂದು ಮೊಟ್ಟೆ ತಿನ್ನುತ್ತಿದ್ದರು. ಪಾಪ, ಇವರಿಗೆ ನನ್ನ ಮೊಟ್ಟೆಯೆಂದರೆ ಎಷ್ಟು ಆಸೆ ಎಂದು ವರ್ನಾ ಮುಂದಿನ ಸಲ ಇನ್ನೊಂದು ಡಜನ್ ಹೆಚ್ಚಿಗೆ ಮಾಡುತ್ತಿದ್ದರು.

ಹರಾಜಿನ ಹಿಂದಿನ ದಿನ ಮಧ್ಯಾಹ್ನ, ನಾನು ಮರುದಿನದ ಪೈಗೆ ಸಿದ್ಧತೆ ನಡೆಸಿದ್ದಾಗ, ಕರ್ನಲ್ ಕಿಟಕಿಯ ಬಳಿ ಅಡ್ಡಡ್ಡ ಬಂದು ನಿಂತರು. ನಾನು ಕಾಫಿ ಸುರಿದು ಕೊಟ್ಟೆ.

"ಕರ್ನಲ್ರೇ, ನಾಳೆ ಆ ತಟ್ಟೆಗಳ ಕುಂದು ಹೇಳ್ತೀರಾ?"

"ಹೇಳದೆ ಮಾರಿದ್ರೆ ಅದು ನನ್ನ ಹರಾಜಲ್ಲ."

"ಎಲ್ಲಾ ಕುಂದೂ?"

ಕಾಫಿ ಅರ್ಧಕ್ಕಿಳಿಯಿತು. ಹೊರಗೆ ಒಂದು ಟ್ರಕ್ಕು ಬಂದು ಮೇಜು ಇಳಿಸಿ ಹೋಯಿತು.

"ಆರ್ಡಿತ್," ಎಂದರು ಕೊನೆಗೆ, "ತಟ್ಟೆಗೆ ಒಂದು ಅಂಚು ಅಂತ ಇರುತ್ತೆ. ಈ ತಟ್ಟೆಗಳ ಅಂಚು ಎಲ್ಲಿಗೆ ಮುಗಿಯುತ್ತೆ ಅಂತ ನೋಡ್ತಾ ಇದ್ದೀನಿ."

"ಹೇಳಿದ್ರೆ ಆಕೆ ಮಾರಲ್ಲ. ವರ್ನಾನ ನೀವೂ ಬಲ್ಲಿರಿ. ಮಾರದಿದ್ರೆ ಕೋಣೆ ಇಲ್ಲ."

"ಗೊತ್ತು."

"ಹೇಳದಿದ್ರೆ?"

ಅವರು ಲೋಟ ಕೆಳಗಿಟ್ಟರು. "ಹೇಳದೆ ಇದ್ದು ನನಗೆ ರೂಢಿ ಇಲ್ಲ," ಎಂದು, ಯಾರೋ ದಾರಿಯಲ್ಲಿ ಪಿಂಗಾಣಿ ಜೋಡಿಸಿಟ್ಟಿದ್ದಾರೆ ಎಂಬಂತೆ, ಖಾಲಿ ಅಂಗಳವನ್ನು ಜಾಗರೂಕತೆಯಿಂದ ದಾಟಿ ಹೋದರು.

ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ಹಾಲ್ ಕಿಕ್ಕಿರಿದಿತ್ತು. ತಟ್ಟೆ ಕೊಳ್ಳುವ ಶಕ್ತಿ ಅಲ್ಲಿದ್ದ ಮುನ್ನೂರು ಜನರಲ್ಲಿ ಇಬ್ಬರಿಗೆ: ಷಿಕಾಗೋದಿಂದ ಬಂದಿದ್ದ ಹಳೆ ಸಾಮಾನಿನ ವ್ಯಾಪಾರಿ ಫೆನ್‌ವಿಕ್, ಮತ್ತು ಇಂಡಿಯಾನಾಪೊಲಿಸ್‌ನ ಒಬ್ಬ ಹಸಿರು ಟೋಪಿಯ ಹೆಂಗಸು. ಉಳಿದವರೆಲ್ಲ ಬಂದದ್ದು ಕರ್ನಲ್ ಹೇಳುತ್ತಾರೋ ಇಲ್ಲವೋ ಎಂದು ನೋಡಲಿಕ್ಕೆ. ವರ್ನಾ ಮೊದಲ ಸಾಲಿನಲ್ಲಿ ಚರ್ಚಿಗೆ ತೊಡುವ ಉಡುಪಿನಲ್ಲಿ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು.

ಕರ್ನಲ್ ಮೊದಲ ತಟ್ಟೆಯನ್ನು ಎತ್ತಿದರು, ಕಣ್ಣು ಮುಚ್ಚಿದರು, ಉಗುರು ಪ್ರದಕ್ಷಿಣೆ ಹೊರಟಿತು.

"ಬಂಗಾರ ಎರಡು ಕಡೆ ಸವೆದಿದೆ. ನಡುವೆ ಫೋರ್ಕಿನ ಗೀರು ನಾಲ್ಕು. ಎರಡನೇದು, ಹದ್ದಿನ ಎಡಗಾಲು ಮಸಕು. ಮೂರನೇದಕ್ಕೆ ಅಂಚಲ್ಲಿ ಸೂಜಿಮೊನೆಯಷ್ಟು ಕಚ್ಚು." ಹೀಗೆ ಆರೂ ಆಯಿತು. ಉಗುರು ನಿಂತಿತು. ಕರ್ನಲ್ ಕಣ್ಣು ತೆರೆದರು, ಬಾಯಿಯನ್ನೂ ತೆರೆದರು. ಊರು ಉಸಿರು ಹಿಡಿಯಿತು. ಅವರು ಬಾಯಿ ಮುಚ್ಚಿ, ಸವಾಲು ಆರಂಭಿಸಿಬಿಟ್ಟರು.

ಹಿಂದಿನ ಸಾಲಿನಲ್ಲಿ ಯಾರೋ ಇನ್ಯಾರಿಗೋ ಒಂದು ಡಾಲರ್ ಪಂದ್ಯ ಸೋತದ್ದು ನನಗೆ ಕಾಣಿಸಿತು.

ಐನೂರು, ಸಾವಿರ, ಸಾವಿರದ ಐನೂರು, ಸಾವಿರದ ಎಂಟುನೂರು. ಅಲ್ಲಿಗೆ ನಿಂತಿತು. ಕರ್ನಲ್‌ರ ಮಾತಿನ ಜೋಳ ಎಷ್ಟು ಸಿಡಿದರೂ ಆರೂ ತಟ್ಟೆಗೆ ಸಾವಿರದ ಎಂಟುನೂರರ ಮೇಲೆ ಒಂದು ಕೈ ಏಳಲಿಲ್ಲ. ವರ್ನಾ ಕೈಚೀಲದ ಕೊಂಡಿಯನ್ನು ತೆಗೆಯುವುದು, ಹಾಕುವುದು ಮಾಡುತ್ತಿದ್ದರು.

ಫೆನ್‌ವಿಕ್ ಎದ್ದು ನಿಂತ. "ಕರ್ನಲ್, ಈ ನಮೂನೆ ತಟ್ಟೆ ಆಮೇಲೂ ಮಾಡಿದ್ದಾರೆ. ಇವು ಅಧ್ಯಕ್ಷರ ಮನೆಯಿಂದಲೇ ಬಂದದ್ದು ಅನ್ನೋಕೆ ಏನಾದ್ರೂ ಇದೆಯಾ? ಕಾಗದ, ಪತ್ರ?"

ವರ್ನಾ ತಿರುಗಿ ಹೇಳಿದರು: "ಎಲ್ಬರ್ಟ್‌ನ ತಾಯಿ ನನ್ನ ಮದುವೇಲಿ ಉಡುಗೊರೆ ಕೊಟ್ಟಿದ್ದಪ್ಪ. ಅವರ ಅಜ್ಜಿ ಆ ಮನೇಲಿ ಹೊಲಿಗೆಗೆ ಇದ್ರು."

"ಅಮ್ಮಾ, ನಾನು ಹೋದ ಊರಲ್ಲೆಲ್ಲಾ ಒಬ್ಬರ ಅಜ್ಜಿ ಆ ಮನೇಲಿ ಕೆಲಸಕ್ಕೆ ಇದ್ದೋರೇ. ಅಷ್ಟು ಅಜ್ಜಿಯರು ಸೇರಿದ್ರೆ ಅಧ್ಯಕ್ಷರಿಗೆ ನಿಲ್ಲೋಕೂ ಜಾಗ ಇರ್ತಿರ್ಲಿಲ್ಲ."

ಜನ ನಕ್ಕರು. ಕರ್ನಲ್ ನಗಲಿಲ್ಲ. ಪೀಠದ ಮೇಲೆ ನಿಂತಿದ್ದರೂ ಅವರ ಮಾತು ನೆಲದ ಮೇಲಿನ ನಿಧಾನಕ್ಕೆ ಇಳಿದದ್ದನ್ನು ನಾನು ಆ ದಿನ ಮಾತ್ರ ಕೇಳಿದೆ.

"ಕಾಗದ ಇದೆ," ಎಂದರು. "ಆದ್ರೆ ಮೊದಲು ಕುಂದು ಹೇಳ್ಬೇಕು. ಇನ್ನೊಂದು ಉಳಿದಿದೆ. ಕಣ್ಣಿಗೆ ಕಾಣಲ್ಲ, ಉಗುರಿಗೆ ಸಿಗಲ್ಲ. ನಮ್ಮಮ್ಮ ಈ ತಟ್ಟೆಗಳನ್ನ ಉಡುಗೊರೆ ಅಂತ ತಂದಿರ್ಲಿಲ್ಲ. ಪೆಪ್ಪರಮಿಂಟು ಹಾಕ್ಕೊಂಡು ಬಂದಿದ್ರು. ಮೇಜು ತಪ್ಪಿತು."

ಕೈಚೀಲದ ಕೊಂಡಿ ನಿಂತಿತು. ವರ್ನಾ ಎದ್ದರು.

"ಎಲ್ಬರ್ಟ್ ಪ್ರುಯಿಟ್. ಏನಂದೆ?"

"ಕೂತ್ಕೊಳ್ಳಿ ಮಿಸೆಸ್ ಹೋಗ್ಲಂಡ್. ನಿಂತ್ರೆ ಸವಾಲು ಹಾಕಿದ್ರು ಅಂದ್ಕೋತಾರೆ."

"ಐವತ್ತೆಂಟು ವರ್ಷ. ಒಬ್ರೂ ನನಗೆ ಹೇಳಲಿಲ್ಲ." ಅವರು ತಿರುಗಿ ಇಡೀ ಹಾಲ್ ಅನ್ನು ಒಮ್ಮೆ ನೋಡಿದರು. ಮುನ್ನೂರು ಜನ ತಮ್ಮ ತಮ್ಮ ಬೂಟಿನ ತುದಿಯಲ್ಲಿ ಏನನ್ನೋ ಹುಡುಕತೊಡಗಿದರು. "ಆರ್ಡಿತ್, ನಿನಗೂ ಗೊತ್ತಿತ್ತಾ?"

"ಒಲೇಲಿ ಪೈ ಇದೆ, ಬಂದೆ," ಎಂದು ನಾನು ಕಿಟಕಿಯ ಕೆಳಗೆ ಬಗ್ಗಿದೆ. ಒಲೆ ಆರಿಸಿ ಗಂಟೆಯಾಗಿತ್ತು.

"ಇಳಿಸು ತಟ್ಟೆಗಳನ್ನ," ಎಂದರು ವರ್ನಾ. "ನಿಮ್ಮನೆಗೆ ತಗೊಂಡು ಹೋಗು. ಇನ್ನೊಬ್ಬರ ತಟ್ಟೆ ಮಾರಿ ಆ ದುಡ್ಡಲ್ಲಿ ನಾನು ಓಪಲ್ ಪಕ್ಕ ಹೋಗಿ ಕೂರೋಳಲ್ಲ."

ಬಗ್ಗಿದ್ದವಳು ನಾನು ಎದ್ದು ನೋಡಿದೆ. ಕರ್ನಲ್ ಕೋಟಿನ ಒಳಜೇಬಿಗೆ ಕೈ ಹಾಕಿ, ಅಂಚು ಹಳದಿಗಟ್ಟಿದ ಒಂದು ಕಾಗದವನ್ನು ತೆಗೆದು, ತಟ್ಟೆಯನ್ನು ಹಿಡಿಯುವಷ್ಟೇ ಜೋಕೆಯಿಂದ ಬಿಚ್ಚಿದರು. ಅವರ ತಾಯಿ ಸೆಳೆಖಾನೆಯಲ್ಲಿಟ್ಟ ಅದೇ ಕಾಗದ.

"ಇದು ಮಿಸೆಸ್ ಹೋಗ್ಲಂಡ್ ಬರೆದಿದ್ದು. 'ನಿಮ್ಮ ಅಜ್ಜಿಯವರು ಅಧ್ಯಕ್ಷರ ಮನೆಯಿಂದ ತಂದ ಆರು ತಟ್ಟೆಗಳನ್ನು ನಮಗೆ ಕೊಟ್ಟಿದ್ದೀರಿ. ಅವುಗಳಿಗೆ ತಕ್ಕ ಹಾಗೆ ಬಾಳಲು ನಾವಿಬ್ಬರೂ ಪ್ರಯತ್ನಿಸುತ್ತೇವೆ.' ಹತ್ತೊಂಬತ್ತು ನೂರ ಐವತ್ತೆಂಟು, ಜೂನ್ ಇಪ್ಪತ್ತು. ಇದಕ್ಕೆ ನಮ್ಮಮ್ಮ ಉತ್ತರ ಬರೆದಿದ್ರು. ಏನಂತ ಬರೆದಿದ್ರು, ನೆನಪಿದೆಯಾ?"

ವರ್ನಾ ಕೈಚೀಲವನ್ನು ಎದೆಗೊತ್ತಿಕೊಂಡು ಹೇಳಿದರು: "'ನಿನಗೆ ಇಷ್ಟವಾಯಿತಲ್ಲ, ಅಷ್ಟೇ ನನಗೆ ಸಂತೋಷ. ಚೆನ್ನಾಗಿ ಬಳಸು.' ಹಾಗಂತ."

"ನಮ್ಮಮ್ಮ ಸುಳ್ಳು ಬರೆಯೋರಲ್ಲ. ಬಳಸು ಅಂತ ಬರೆದ ಗಳಿಗೆಯಿಂದ ತಟ್ಟೆ ನಿಮ್ಮದು. ಆಮೇಲೆ ಪಟ್ಟಿದ್ದೆಲ್ಲ ಕೋಪ. ಅದು ಅವರದ್ದು, ಅದನ್ನ ಅವರೇ ಇಟ್ಕೊಂಡ್ರು. ನಿಜ ಹೇಳಬೇಕಂದ್ರೆ, ತಟ್ಟೆಗಿಂತ ಆ ಕೋಪಾನೇ ಅವರಿಗೆ ಜಾಸ್ತಿ ಉಪಯೋಗಕ್ಕೆ ಬಂತು. ದಿನಾ ಬೆಳಿಗ್ಗೆ ಅದನ್ನ ಒರೆಸಿ ಇಡ್ತಿದ್ರು."

ಮೊದಲು ನಕ್ಕದ್ದು ಮ್ಯಾಕ್ಸೀನ್. ಅತ್ತೆಯ ಜೊತೆ ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿದ್ದವರು. ಆ ನಗೆಗೆ ಅಧಿಕಾರವಿತ್ತು. ಆಮೇಲೆ ಹಾಲ್ ನಕ್ಕಿತು.

"ಅದಕ್ಕೇನಾ ಅಷ್ಟು ಮೊಟ್ಟೆ ತಿಂತಿದ್ದದ್ದು?" ಎಂದರು ವರ್ನಾ.

"ಅದಕ್ಕೇ. ಮೊಟ್ಟೆ ಕಂಡ್ರೆ ಅವರಿಗೆ ಆಗ್ತಿರ್ಲಿಲ್ಲ."

ವರ್ನಾರ ಮುಖದಲ್ಲಿ ಅಳುವೂ ನಗುವೂ ಒಂದೇ ಬಾಗಿಲಲ್ಲಿ ನುಗ್ಗಲು ಹೋಗಿ ಸಿಕ್ಕಿಹಾಕಿಕೊಂಡವು. ಅವರು ಕುಳಿತರು. "ಮಾರು," ಎಂದರು. "ಆದ್ರೆ ಬೇಗ ಮಾರು. ಮನಸ್ಸು ಬದಲಾಗೋದ್ರೊಳಗೆ."

ಇಂಡಿಯಾನಾಪೊಲಿಸ್‌ನ ಹೆಂಗಸು ಕೈಯೆತ್ತಿ ಕೇಳಿದಳು: "ಆ ಕಾಗದ ತಟ್ಟೆ ಜೊತೆಗೇ ಬರುತ್ತಾ?"

"ಬರುತ್ತೆ," ಎಂದರು ಕರ್ನಲ್. "ಕುಂದು ಏನಂದ್ರೆ, ಮೂಲೇಲಿ ಕಾಫಿ ಕಲೆ ಇದೆ, ಮಡಿಕೆಗಳು ಹರಿಯೋ ಹಾಗಿವೆ. ಬಹಳ ಸಲ ತೆಗೆದು ಓದಿದ್ದಾರೆ."

ಅಲ್ಲಿಂದಾಚೆ ಜೋಳ ಮತ್ತೆ ಸಿಡಿಯಿತು. ಅಜ್ಜಿಯರನ್ನು ಲೇವಡಿ ಮಾಡಿದ ಫೆನ್‌ವಿಕ್ ಈಗ ಆ ಒಬ್ಬ ಅಜ್ಜಿಗಾಗಿ ಎರಡು ಸಾವಿರ, ನಾಲ್ಕು ಸಾವಿರ, ಏಳು ಸಾವಿರ ಎಂದು ಕೂಗಿದ. ಹಸಿರು ಟೋಪಿ ಪ್ರತಿ ಸಲ ಒಂದಿಷ್ಟು ಬಾಗಿತು. ಒಂಬತ್ತು ದಾಟುವಾಗ ವರ್ನಾ ಕಣ್ಣು ಮುಚ್ಚಿಕೊಂಡರು. ಹತ್ತು ಸಾವಿರದ ನಾನೂರಕ್ಕೆ ಕರ್ನಲ್ ಮೂರು ಸಲ ಎಣಿಸಿ ಮರದ ಸುತ್ತಿಗೆ ಬಡಿದರು. ತಟ್ಟೆಗಳು ಹಸಿರು ಟೋಪಿಯ ಪಾಲಾದವು. ಸೋತ ಫೆನ್‌ವಿಕ್ ನನ್ನ ಕಿಟಕಿಗೆ ಬಂದು ಎರಡು ಪೈ ತಿಂದ, ತಳ ಮೆತ್ತಗಿದೆ ಎಂದು ಒಂದಕ್ಕೆ ಚೌಕಾಸಿ ಮಾಡಿದ.

ತಿಂಗಳು ಮುಗಿಯುವ ಮೊದಲೇ ವರ್ನಾ ಅಕ್ಕನ ಪಕ್ಕದ ಕೋಣೆಗೆ ಹೋದರು. ಕರ್ನಲ್‌ರ ಜೊತೆ ಆರು ವಾರ ಮಾತಾಡಲಿಲ್ಲ. ನನ್ನ ಜೊತೆ ಏಳು. ಎಂಟನೇ ವಾರ ನಾನು ನೋಡಲು ಹೋದಾಗ ಓಪಲ್ ಬಾಗಿಲ ಕಡೆ ತಿರುಗಿ "ವರ್ನಾ ಎಲ್ಲಿ?" ಎಂದು ಕೇಳುತ್ತಿದ್ದರು, ಪಕ್ಕದ ಕುರ್ಚಿಯಿಂದ ವರ್ನಾ, ಹೆಣಿಗೆಯಿಂದ ತಲೆಯೆತ್ತದೆ, "ಇಲ್ಲೇ ಇದ್ದೀನಿ ಕಣೇ, ಎಷ್ಟು ಸಲ ಹೇಳೋದು" ಎನ್ನುತ್ತಿದ್ದರು. ಅದೇ ಮಧ್ಯಾಹ್ನ ನನ್ನ ಕಡೆ ನೋಡಿ, "ಊರೆಲ್ಲ ಒಳ್ಳೆಯವರಾಗಿ ನನ್ನನ್ನ ಐವತ್ತೆಂಟು ವರ್ಷ ದಡ್ಡಿ ಮಾಡಿದ್ರಿ. ಆ ಎಲ್ಬರ್ಟ್ ಒಬ್ಬ ಐದು ನಿಮಿಷ ಕೆಟ್ಟವನಾದ," ಎಂದರು. ಇದು ಬೈಗುಳವೋ ಹೊಗಳಿಕೆಯೋ ಎಂದು ನಾನು ಕೇಳಲು ಹೋಗಲಿಲ್ಲ.

ಲೋಕದಲ್ಲಿ ಹಿತವಾಗಿ ಮಾತಾಡುವವರಿಗೆ ಬರವಿಲ್ಲ. ನಮ್ಮ ಊರಿನಲ್ಲಂತೂ ಹುಟ್ಟಿದವರೆಲ್ಲ ಅಂಥವರೇ, ನಾನೂ ಅಂಥವಳೇ. ನಮ್ಮ ಮೌನವನ್ನು ನಾವು ದಾಕ್ಷಿಣ್ಯ ಎನ್ನುತ್ತೇವೆ, ಅದರ ಭಾರವನ್ನು ಮಾತ್ರ ಗೊತ್ತಿಲ್ಲದೆ ಹೊರುವವರು ಬೇರೆ ಯಾರೋ. ಕರ್ನಲ್‌ರ ಜಾತಿಯವರು ಅಪರೂಪ. ಅವರು ಕಚ್ಚು ತೋರಿಸುವುದು ವಸ್ತುವಿನ ಮಾನ ಕಳೆಯಲಿಕ್ಕೆ ಅಲ್ಲ. ಕೊಂಡವನು ಮನೆಗೆ ಹೋಗಿ, ಒಬ್ಬನೇ ದೀಪದ ಕೆಳಗೆ ಕುಳಿತು ಅದನ್ನು ಕಂಡುಹಿಡಿದು ಕೊರಗಬಾರದೆಂದು, ಆ ಕೊರಗನ್ನು ಹಗಲಿನಲ್ಲಿ, ಎಲ್ಲರ ನಡುವೆ, ನಗುವುದಕ್ಕೆ ಜನವಿರುವಾಗಲೇ ಮುಗಿಸಿಕೊಡುತ್ತಾರೆ. ಅಂಥವರ ಎದುರಿಗೆ ಕುಳಿತಿರುವುದು ಕಷ್ಟ, ಬೆವರು ಬರುತ್ತದೆ. ಆದರೆ ಅವರ ಕೈಯಿಂದ ದಾಟಿ ಬಂದದ್ದನ್ನು, ಅದು ಆರು ತಟ್ಟೆಯಾಗಲಿ, ನಮ್ಮದೇ ಹೆಸರಾಗಲಿ, ಯಾರೂ ಮತ್ತೆ ತಿರುಗಿಸಿ ನೋಡಬೇಕಾಗುವುದಿಲ್ಲ.